ವಿಚಿತ್ರ ಕತೆಗಳೂ ನಮ್ಮ ನಿಜವಾದ ಬದುಕೂ



ಇಂಥ ಸಮಾರಂಭಗಳಲ್ಲಿ ವೈದ್ಯರು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಬಗ್ಗೆ ಮಾತನಾಡುವುದು ವಾಡಿಕೆ. ಇಂದು ನಾವು ಕತೆಗಳ ಬಗ್ಗೆ ನಾಲ್ಕು ಮಾತು ಆಡಬಯಸುತ್ತೇವೆ. ಕಾರಣವಿದೆ. ಎಲ್ಲ ಪರೀಕ್ಷೆಗಳೂ ಸರಿಯಿದ್ದು, “ಜೀವ ಊರಲ್ಲೇ ಉಳಿದಿದೆ, ಬರೀ ಮೈ ಇಲ್ಲಿದೆ ಡಾಕ್ಟ್ರೇ” ಎನ್ನುವವರನ್ನು ವೈದ್ಯರಾದ ನಾವು ನೋಡುತ್ತಿರುತ್ತೇವೆ. ಕೇಸ್ ಶೀಟಿನಲ್ಲಿ ಇದನ್ನು ಬರೆಯಲು ಜಾಗವಿಲ್ಲ. ಕತೆಯಲ್ಲಿ ಇದೆ.

ಪರಿಚಿತ ಲೋಕದಲ್ಲಿ ಅಸಂಭವವಾದುದು ನಡೆದು, ಓದುಗನಿಗೆ ತನ್ನ ಬದುಕೇ ವಿಚಿತ್ರವೆನಿಸುವಂಥ ಬರವಣಿಗೆಗೆ ಅಮೆರಿಕದ ಬ್ರೂಸ್ ಸ್ಟರ್ಲಿಂಗ್ 1989ರಲ್ಲಿ ‘ಸ್ಲಿಪ್‌ಸ್ಟ್ರೀಮ್’ ಎಂಬ ಹೆಸರನ್ನು ಬಳಕೆಗೆ ತಂದರು. ಅದು ಪೂರ್ತಿ ವಾಸ್ತವವೂ ಅಲ್ಲ, ವಿಜ್ಞಾನ ಕಥೆಯೂ ಅಲ್ಲ.

ಅಬುಧಾಬಿಯಲ್ಲಿ ಬೆಳೆದ ದೀಪಕ್ ಉಣ್ಣಿಕೃಷ್ಣನ್ ಅವರ ಇಂಗ್ಲಿಷ್ ಕೃತಿ ‘ಟೆಂಪರರಿ ಪೀಪಲ್’ 2017ರಲ್ಲಿ ಹೊರಬಂತು. ಅದರಲ್ಲಿ ಕಟ್ಟಡಗಳಿಂದ ಬಿದ್ದ ಕೆಲಸಗಾರರನ್ನು ಒಬ್ಬ ಹೆಂಗಸು ರಾತ್ರಿ ಹುಡುಕಿ, ಅಂಟು, ಟೇಪು, ಸೂಜಿಗಳಿಂದ ಜೋಡಿಸುತ್ತಾಳೆ. ಇನ್ನೊಂದು ಕತೆಯಲ್ಲಿ ಪಾಸ್‌ಪೋರ್ಟ್ ನುಂಗಿದವನು ತಾನೇ ಪಾಸ್‌ಪೋರ್ಟ್ ಆಗಿಬಿಡುತ್ತಾನೆ. ಇದು ಸುಳ್ಳೆಂದು ಹೇಳಲು ನಮಗೆ ಬಾಯಿ ಬರುವುದಿಲ್ಲ. ದಶಕಗಳು ದುಡಿದರೂ ವೀಸಾ ನವೀಕರಣದ ದಿನಾಂಕ ನೋಡಿಕೊಂಡೇ ಮಕ್ಕಳ ಶಾಲೆ, ಮನೆ ಬಾಡಿಗೆಗಳನ್ನು ಲೆಕ್ಕ ಹಾಕುವವರು ನಾವು.

ಈ ಬಗೆ ಕನ್ನಡಕ್ಕೆ ಹೊಸದೇನಲ್ಲ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜಾನಪದ ಕತೆಗಳಿಂದ ಗಿರೀಶ್ ಕಾರ್ನಾಡರು ‘ನಾಗಮಂಡಲ’ ಕಟ್ಟಿದರು. ಅಲ್ಲಿ ಮನೆಮನೆಯ ದೀಪದ ಜ್ವಾಲೆಗಳು ರಾತ್ರಿ ಹಾಳು ಗುಡಿಯಲ್ಲಿ ಸೇರಿ ಮಾತನಾಡುತ್ತವೆ. ಹಾವು ಗಂಡನ ರೂಪದಲ್ಲಿ ಮನೆಗೆ ಬರುತ್ತದೆ. ಒಂಟಿ ಹೆಣ್ಣಿನ ಸಂಕಟವನ್ನು ಯಾವ ವರದಿಯೂ ಅಷ್ಟು ಸ್ಪಷ್ಟವಾಗಿ ಹೇಳಲಾರದು. ದೇವನೂರ ಮಹಾದೇವರ ‘ಕುಸುಮಬಾಲೆ’ ಜಾತಿಯ ಕ್ರೌರ್ಯವನ್ನು ಹೇಳಿದ್ದೂ ಜಾನಪದದ ಅದ್ಭುತವನ್ನು ಜೊತೆಗಿಟ್ಟುಕೊಂಡೇ.

ಹೀಗೆ ಅಜ್ಜಿಯರ ಕತೆಯ ದಾರಿ ಇಂದಿನ ನೋವನ್ನೂ ಹೊರಬಲ್ಲದು. ಆದರೆ ಗಲ್ಫಿನ ನಮ್ಮ ಬದುಕನ್ನು ಆ ದಾರಿಯಲ್ಲಿ ಹೇಳುವ ಕನ್ನಡ ಕತೆಗಳು ಸಾಲದು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ರಜೆಗೆ ಹೋಗುವ ಜಾಗವನ್ನು ‘ಊರು’ ಎನ್ನುತ್ತಾರೆ, ಇರುವ ಜಾಗಕ್ಕೆ ಹೆಸರಿಲ್ಲ. ಅವರು ಈ ಕತೆಯನ್ನು ಬರೆದೇ ಬರೆಯುತ್ತಾರೆ. ಅದು ಕನ್ನಡದಲ್ಲಿರುವುದೋ ಇಲ್ಲವೋ ಎಂಬುದು ನಮ್ಮ ಕೈಯಲ್ಲಿದೆ.

ಆದ್ದರಿಂದ ಒಂದು ಸಲಹೆ. ಅಜ್ಜಿಗೆ ಫೋನ್ ಮಾಡಿದಾಗ “ಊಟ ಆಯ್ತಾ” ಎಂದಷ್ಟೇ ಕೇಳದೆ, ಒಂದು ಕತೆ ಹೇಳಿಸೋಣ. ಅದೇ ಕತೆ ಕರಾಮದಲ್ಲೋ ಮುಸಫ್ಫಾದಲ್ಲೋ ನಡೆದರೆ ಹೇಗಿರುತ್ತದೆಂದು ಮಕ್ಕಳಿಂದ ಬರೆಸೋಣ. ಮುಂದಿನ ವರ್ಷದ ಸಂಚಿಕೆಯಲ್ಲಿ ಅದಕ್ಕೆ ನಾಲ್ಕು ಪುಟ ಮೀಸಲಿಡಬೇಕೆಂದು ಸಂಘವನ್ನು ಕೋರುತ್ತೇವೆ.