ದವಡೆಯ ಕೀಲು ಮತ್ತು ಮೈಯ ನಿಲುವು

ಎರಡು ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಬೆರಳ ಕೆಳಗೆ ಸರಿದಾಡುವುದೇ ದವಡೆಯ ಕೀಲು. ನೋವಿಲ್ಲದೆ ಬರಿಯ ‘ಟಕ್’ ಎಂಬ ಸದ್ದು ಬಂದರೆ ಅಂಜಬೇಕಾಗಿಲ್ಲ. ಅಗಿಯುವಾಗ ನೋವು, ಬಾಯಿ ಪೂರ್ತಿ ತೆರೆಯಲಾಗದಿರುವುದು, ಇವು ಕಂಡರೆ ಮಾತ್ರ ವೈದ್ಯರಿಗೆ ತೋರಿಸಬೇಕು. ಕಿವಿನೋವೆಂದು ಭಾವಿಸಿ ಕಿವಿಗೆ ಎಣ್ಣೆ ಬಿಡುವವರುಂಟು; ಆ ಎಣ್ಣೆ ಕೀಲನ್ನು ಮುಟ್ಟದು.

ಉಡುಪಿಯ ಸುತ್ತಿನವರಿಗೆ ಈ ವೈದ್ಯ ದೂರದ್ದಲ್ಲ. ಮಣಿಪಾಲದಲ್ಲಿ 1965ರಿಂದಲೂ ದಂತವೈದ್ಯ ಕಾಲೇಜಿದೆ. ದಂತವೈದ್ಯರು ಹಲ್ಲಿನ ಅಚ್ಚು ತೆಗೆದು ಅಕ್ರಿಲಿಕ್ಕಿನ ಹೊದಿಕೆಯೊಂದನ್ನು ಮಾಡಿಕೊಡುವುದುಂಟು. ಸ್ಪ್ಲಿಂಟ್ ಎಂಬ ಇದನ್ನು ಹೆಚ್ಚಾಗಿ ರಾತ್ರಿ ಧರಿಸುತ್ತಾರೆ. ನಿದ್ದೆಯಲ್ಲಿ ಹಲ್ಲು ಕಡಿಯುವವರ ಹಲ್ಲು ಸವೆಯದಂತೆ ಅದು ಕಾಯುತ್ತದೆ. ಕೆಲವರಿಗೆ ನೋವೂ ಇಳಿಯುತ್ತದೆ.

ಇದರಿಂದ ಬೆನ್ನೂ ನೆಟ್ಟಗಾಗುವುದೇ? ದವಡೆಯ ಮತ್ತು ಕತ್ತಿನ ಸ್ನಾಯುಗಳು ನೆರೆಮನೆಯವರಂತೆ. ಒಂದೆಡೆಯ ನೋವು ಇನ್ನೊಂದೆಡೆಗೆ ಹಾಯುವುದುಂಟು. ಕಾರ್ಕಳದಲ್ಲಿ ತಲೆ ಬಗ್ಗಿಸಿ ಬೀಡಿ ಕಟ್ಟುವವರಿಗೂ ಕಾಪುವಿನ ಕಡಲತೀರದಲ್ಲಿ ಬಲೆ ಹೆಣೆಯುವವರಿಗೂ ಕತ್ತುನೋವು ಹೊಸತಲ್ಲ. ಆದರೆ ಸ್ಪ್ಲಿಂಟ್ ಧರಿಸಿದಾಗ ನಿಲುವಿನಲ್ಲಿ ಅಳೆದು ಕಂಡ ಬದಲಾವಣೆ ಅತ್ಯಲ್ಪ. ಬೆನ್ನು ತಿದ್ದುವ ಶಕ್ತಿ ಅದಕ್ಕಿದೆಯೆಂಬುದು ಸಿದ್ಧಪಟ್ಟಿಲ್ಲ. ಆ ಆಸೆಯಿಂದ ಒಳ್ಳೆಯ ಹಲ್ಲನ್ನು ಅರೆಸಿಕೊಳ್ಳಬೇಡಿ. ಹೊದಿಕೆಯನ್ನು ತೆಗೆದಿಡಬಹುದು; ಅರೆದ ಹಲ್ಲು ಮರಳಿ ಬಾರದು.

ನೋವಿರುವಾಗ ಕೆಲವು ವಾರ ಚಕ್ಕುಲಿ, ಅಡಿಕೆ ಬಿಡಿ. ಗಂಜಿ, ನೀರುದೋಸೆ ಸಾಕು. ಬಿಸಿ ಬಟ್ಟೆಯ ಶಾಖ ಕೊಡಿ. ಕೆಲಸದ ನಡುವೆ ಎದ್ದು ಕತ್ತು ಸಡಿಲಿಸಿ. ತುಟಿ ಕೂಡಿರಲಿ, ಹಲ್ಲುಗಳ ನಡುವೆ ಬಿಡುವಿರಲಿ. ಹೆಚ್ಚಿನವರ ನೋವು ಇಷ್ಟರಿಂದಲೇ ತಗ್ಗುತ್ತದೆ. ತಗ್ಗದಿದ್ದರೆ ತಡಮಾಡದೆ ದಂತವೈದ್ಯರನ್ನು ಕಾಣಿ.