ಗ್ರಾಮ್ ಲೆಕ್ಕಕ್ಕೆ ಸಿಗದ ಒಡವೆ

ಇವತ್ತಿನ ಎಪಿಸೋಡ್ ಒಡವೆ ಬಗ್ಗೆ. ಚಿನ್ನದ ರೇಟ್ ಬಗ್ಗೆ ಅಲ್ಲ, ಅದನ್ನ ದಿನಾ ಬೆಳಗ್ಗೆ ನಿಮ್ಮ ಫೋನೇ ಹೇಳುತ್ತೆ. ಚಿನ್ನವೇ ಅಲ್ಲದ ಒಡವೆ ಬಗ್ಗೆ. ಇಂಗ್ಲಿಷ್‌ನಲ್ಲಿ ಇದಕ್ಕೆ ಕಾಸ್ಟ್ಯೂಮ್ ಜ್ಯುವೆಲರಿ ಅಂತಾರೆ. ನಮ್ಮಲ್ಲಿ ಗಿಲೀಟು ಅಂತಾರೆ, ರೋಲ್ಡ್ ಗೋಲ್ಡ್ ಅಂತಾರೆ, ಕೆಲವು ಕಡೆ ಉಮಾ ಗೋಲ್ಡ್ ಅಂತಾರೆ. ಮುಖಕ್ಕೆ ಹೊಡೆದ ಹಾಗೆ ಮಾತಾಡೋರು ‘ಡೂಪ್ಲಿಕೇಟ್’ ಅಂದುಬಿಡ್ತಾರೆ.

ಅದರಲ್ಲೂ ಹಳೇದು. ಐವತ್ತು, ಎಪ್ಪತ್ತು, ತೊಂಬತ್ತು ವರ್ಷದ ಹಿಂದೆ ಅಮೆರಿಕದಲ್ಲಿ, ಯುರೋಪ್‌ನಲ್ಲಿ ಮಾಡಿದ ಬ್ರೂಚು, ಓಲೆ, ಸರಗಳು. ಇವನ್ನ ಹುಡುಕಿ ಹುಡುಕಿ ಕೊಂಡುಕೊಳ್ಳೋ ದೊಡ್ಡ ಬಳಗವೇ ಇದೆ. ಚಿನ್ನ ಅಲ್ಲದ ಹಳೇ ಸಾಮಾನಿಗೆ ಯಾಕೆ ದುಡ್ಡು ಕೊಡ್ತಾರೆ? ಇವತ್ತು ಮಾತಾಡೋಣ.

ನಾನು ಬಿ.ಕಾಂ. ಓದಿದವಳು, ಹಾಗಾಗಿ ಬಿಲ್‌ನಿಂದಲೇ ಶುರು ಮಾಡ್ತೀನಿ. ಮನೆಯಲ್ಲಿ ಯಾವುದಾದರೂ ಚಿನ್ನದ ಅಂಗಡಿ ಬಿಲ್ ಇದ್ದರೆ ತೆಗೆದು ನೋಡಿ. ತೂಕ ಇರುತ್ತೆ, ಆ ದಿನದ ರೇಟ್ ಇರುತ್ತೆ. ಕೆಳಗೆ ವೇಸ್ಟೇಜ್, ಮೇಕಿಂಗ್ ಚಾರ್ಜ್, ಜಿಎಸ್‌ಟಿ. ಅದೇ ಒಡವೆಯನ್ನ ನಾಳೆ ಮಾರೋಕೆ ಹೋದ್ರೆ ಅಂಗಡಿಯವರು ತಕ್ಕಡಿಗೆ ಹಾಕ್ತಾರೆ. ಲೋಹಕ್ಕೆ ಮಾತ್ರ ದುಡ್ಡು. ಆ ಹೂವು, ಆ ಬಳ್ಳಿ, ಅಕ್ಕಸಾಲಿಗ ಕಣ್ಣು ಕೀಲಿಸಿ ಕೂತು ಮಾಡಿದ ಕೆಲಸ, ಅದಕ್ಕೆ ಸೊನ್ನೆ. ಅಂದ್ರೆ ಚಿನ್ನದ ಲೆಕ್ಕದಲ್ಲಿ ಕೈಕೆಲಸ ಅನ್ನೋದು ಬರೀ ಖರ್ಚು.

ಹಳೇ ಕಾಸ್ಟ್ಯೂಮ್ ಜ್ಯುವೆಲರಿಯಲ್ಲಿ ಈ ಲೆಕ್ಕ ತಲೆಕೆಳಗು. ಅಲ್ಲಿ ಲೋಹಕ್ಕೆ ಬೆಲೆ ಇಲ್ಲ. ಹಿತ್ತಾಳೆ, ತವರ, ಗಾಜು, ಪ್ಲಾಸ್ಟಿಕ್. ಕರಗಿಸಿದ್ರೆ ಟೀ ಖರ್ಚಿಗೂ ಆಗಲ್ಲ. ಹಾಗಿದ್ದೂ ಬೆಲೆ ಇದೆ ಅಂದ್ರೆ, ಆ ಬೆಲೆ ಪೂರ್ತಿ ಕೈಕೆಲಸದ್ದು, ಕಲ್ಪನೆದು, ಅದು ಸಾಗಿಬಂದ ಕಾಲದ್ದು.

ಗಾಜಿನಲ್ಲಿ ವಜ್ರದ ಹೊಳಪು ತರೋ ಆಸೆ ಹಳೇದೇ. 1730ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಸ್ಟ್ರಾಸ್ ಅನ್ನೋ ಆಭರಣಕಾರ ಗಾಜಿನ ಕಲ್ಲುಗಳಿಗೇ ಹೆಸರಾಗಿದ್ದ. ಎಷ್ಟು ಅಂದ್ರೆ, ಯುರೋಪಿನ ಹಲವು ಭಾಷೆಗಳಲ್ಲಿ ಇವತ್ತಿಗೂ ಅಂಥ ಕಲ್ಲಿಗೆ ಅವನ ಹೆಸರೇ ಇದೆ. 1892ರಲ್ಲಿ ಡೇನಿಯಲ್ ಸ್ವರೋವ್‌ಸ್ಕಿ ಕಲ್ಲು ಕತ್ತರಿಸೋ ಯಂತ್ರಕ್ಕೆ ಪೇಟೆಂಟ್ ತಗೊಂಡ್ರು, 1895ರಲ್ಲಿ ಆಸ್ಟ್ರಿಯಾದ ವಾಟೆನ್ಸ್ ಅನ್ನೋ ಊರಲ್ಲಿ ಕಾರ್ಖಾನೆ ಶುರುವಾಯ್ತು. ಆದರೂ ಅಲ್ಲೀವರೆಗೆ ಇದು ಅಸಲಿ ಇಲ್ಲದವರ ಒಡವೆ ಅಂತಲೇ ಲೆಕ್ಕ.

ಆ ಮರ್ಯಾದೆ ಬದಲಾಗಿದ್ದು 1920ರ ದಶಕದಲ್ಲಿ. ಕೊಕೊ ಶನೆಲ್ ಅಸಲಿ ಮುತ್ತು, ನಕಲಿ ಮುತ್ತು ಎರಡನ್ನೂ ಒಟ್ಟಿಗೇ ಕುತ್ತಿಗೆಗೆ ಹಾಕ್ಕೊಂಡು ಓಡಾಡಿದ್ರು. ಒಡವೆ ಇರೋದು ಆಸ್ತಿ ತೋರ್ಸೋಕಲ್ಲ, ಉಟ್ಟ ಬಟ್ಟೆಗೆ ಒಪ್ಪೋಕೆ ಅನ್ನೋ ಮಾತು ಅಲ್ಲಿಂದ ಫ್ಯಾಷನ್ ಆಯ್ತು. ‘ಕಾಸ್ಟ್ಯೂಮ್’ ಅನ್ನೋ ಹೆಸರಿನ ಅರ್ಥವೂ ಅದೇ, ಉಡುಪಿನ ಜೊತೆಯ ಒಡವೆ. ನಮ್ಮ ಕನ್ನಡದಲ್ಲಿ ‘ವೇಷಭೂಷಣ’ ಅಂತ ಒಂದೇ ಪದ ಇದೆ ನೋಡಿ. ಯಕ್ಷಗಾನದ ಭುಜಕೀರ್ತಿ ಮರದ್ದು, ಮೇಲೆ ಬೇಗಡೆ ಹಚ್ಚಿರ್ತಾರೆ. ರಂಗಸ್ಥಳದ ಮೇಲೆ ಬಂದಾಗ ಅದು ಎಷ್ಟು ಕ್ಯಾರೆಟ್ ಅಂತ ಯಾರೂ ಕೇಳಲ್ಲ.

ಈಗ ಅಮೆರಿಕಕ್ಕೆ ಹೋಗೋಣ. ಸಂಗ್ರಾಹಕರು ಹೆಚ್ಚು ಹುಡುಕೋ ಹೆಸರುಗಳಲ್ಲಿ ಒಂದು ಟ್ರೈಫಾರಿ. ಇಟಲಿಯಿಂದ ವಲಸೆ ಬಂದ ಗುಸ್ತಾವೊ ಟ್ರೈಫಾರಿ ಕಟ್ಟಿದ ಕಂಪನಿ. 1930ರಲ್ಲಿ ಅಲ್ಲಿಗೆ ಆಲ್ಫ್ರೆಡ್ ಫಿಲಿಪ್ ಅನ್ನೋ ವಿನ್ಯಾಸಕಾರ ಸೇರಿದ್ರು. ಅವರು ಅದಕ್ಕೂ ಮುಂಚೆ ಕಾರ್ಟಿಯೆ, ವ್ಯಾನ್ ಕ್ಲೀಫ್ ಥರದ ದೊಡ್ಡ ಮನೆತನಗಳಿಗೆ ಅಸಲಿ ವಜ್ರದ ಒಡವೆ ವಿನ್ಯಾಸ ಮಾಡಿದವರು. ವಜ್ರ ಕೂರಿಸುವಷ್ಟೇ ನಾಜೂಕಾಗಿ ಗಾಜು ಕೂರಿಸೋದನ್ನ ತಂದ್ರು. ಅವರ ಕಿರೀಟದ ಆಕಾರದ ಬ್ರೂಚ್‌ಗಳನ್ನ ಜನ ಇವತ್ತಿಗೂ ಹುಡುಕ್ತಾರೆ.

ಆಮೇಲೆ ಎರಡನೇ ಮಹಾಯುದ್ಧ. 1942ರ ಹೊತ್ತಿಗೆ ತವರದಂಥ ಲೋಹಗಳು ಯುದ್ಧಸಾಮಗ್ರಿಗೆ ಬೇಕು ಅಂತ ಅಮೆರಿಕ ಸರ್ಕಾರ ನಿರ್ಬಂಧ ಹಾಕ್ತು. ಒಡವೆ ತಯಾರಕರಿಗೆ ಅಗ್ಗದ ಲೋಹ ಸಿಗದಂತಾಯ್ತು. ಆಗ ಏನು ಮಾಡಿದ್ರು ಗೊತ್ತಾ? ಬೆಳ್ಳಿಗೆ ಹೋದ್ರು! ಬೆಳ್ಳಿ ಮೇಲೆ ಚಿನ್ನದ ನೀರು ಹಾಕಿ ಮಾರಿದ್ರು. ಹಾಗಾಗಿ ಆ ಕಾಲದ ಬ್ರೂಚ್ ಹಿಂದೆ ‘ಸ್ಟರ್ಲಿಂಗ್’ ಅಂತ ಮುದ್ರೆ ಇರುತ್ತೆ. ಅಂಗೈಯಗಲದ ಒಂದು ಹೂವಿನ ಹಿಂಭಾಗದಲ್ಲಿ ಯುದ್ಧದ ಸುದ್ದಿ ಇದೆ ಅಂದ್ರೆ ಇದೇ.

1953ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಮೇಮಿ ಐಸೆನ್‌ಹೋವರ್ ಪದಗ್ರಹಣದ ಸಂಭ್ರಮಕ್ಕೆ ಹಾಕ್ಕೊಂಡಿದ್ದು ಟ್ರೈಫಾರಿ ಮಾಡಿಕೊಟ್ಟ ನಕಲಿ ಮುತ್ತು. ಇನ್ನೊಂದು ಕಥೆ ಇನ್ನೂ ದೊಡ್ಡದು. ಜಾಕ್ವೆಲಿನ್ ಕೆನಡಿ ಹಾಕ್ತಿದ್ದ ಮೂರೆಳೆ ಮುತ್ತಿನ ಸರ 1996ರಲ್ಲಿ ನ್ಯೂಯಾರ್ಕ್‌ನ ಸದಬೀಸ್‌ನಲ್ಲಿ ಹರಾಜಿಗೆ ಬಂತು. ಮುತ್ತು ಕೃತಕ ಅಂತ ಎಲ್ಲರಿಗೂ ಗೊತ್ತಿತ್ತು. ಅಂದಾಜು ಬೆಲೆ 500ರಿಂದ 700 ಡಾಲರ್. ಹೋಗಿದ್ದು 2,11,500 ಡಾಲರ್‌ಗೆ. ಆ ಬೆಲೆ ಮುತ್ತಿಗಲ್ಲ, ಹಾಕ್ಕೊಂಡವರ ಹೆಸರಿಗೆ, ಒಪ್ತೀನಿ. ಆದರೆ ನಂಗೆ ಇದಕ್ಕಿಂತ ಮುಖ್ಯ ಅನ್ಸೋದು 1955ರ ಒಂದು ಕೋರ್ಟ್ ತೀರ್ಪು. ತನ್ನ ವಿನ್ಯಾಸವನ್ನ ಇನ್ನೊಂದು ಕಂಪನಿ ಕದ್ದಿದೆ ಅಂತ ಟ್ರೈಫಾರಿ ದಾವೆ ಹಾಕ್ತು. ಕಾಸ್ಟ್ಯೂಮ್ ಜ್ಯುವೆಲರಿಯೂ ಕಲಾಕೃತಿನೇ, ಅದಕ್ಕೂ ಕಾಪಿರೈಟ್ ಇದೆ ಅಂತ ನ್ಯೂಯಾರ್ಕ್‌ನ ಕೋರ್ಟ್ ಒಪ್ಪಿಕೊಳ್ತು. ‘ನಕಲಿ’ ಅನಿಸಿಕೊಂಡ ವಸ್ತುವನ್ನ ನಕಲು ಮಾಡೋದು ತಪ್ಪು ಅಂತ ತೀರ್ಪು!

ಇಲ್ಲಿಂದ ನಮ್ಮೂರಿಗೆ ಬರ್ತೀನಿ. ಭಾರತದಲ್ಲಿ 1963ರಲ್ಲಿ ಚಿನ್ನ ನಿಯಂತ್ರಣದ ನಿಯಮ ಬಂತು. 14 ಕ್ಯಾರೆಟ್‌ಗಿಂತ ಹೆಚ್ಚಿನ ಶುದ್ಧತೆಯ ಒಡವೆ ಮಾಡೋ ಹಾಗಿರಲಿಲ್ಲ. ಎಷ್ಟೋ ಅಕ್ಕಸಾಲಿಗರ ಒಲೆ ಆರಿಹೋಯ್ತು. 1968ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆ ಬಂತು, ಅದು ರದ್ದಾಗಿದ್ದು 1990ರಲ್ಲಿ. ಆ ಕಾಲ ನೋಡಿದ ಅಜ್ಜಿಯರ ಪೆಟ್ಟಿಗೆಯಲ್ಲಿ ಚಿನ್ನದ ಪಕ್ಕದಲ್ಲೇ ರೋಲ್ಡ್ ಗೋಲ್ಡ್ ಇದ್ದರೆ ಆಶ್ಚರ್ಯ ಇಲ್ಲ. ಆಂಧ್ರದ ಮಚಲೀಪಟ್ನಂನ ಚಿಲಕಲಪೂಡಿ ಈ ಕಸುಬಿಗೇ ಹೆಸರಾದ ಜಾಗ.

ನಾನು ಡಿಗ್ರಿ ಓದುವಾಗ ನಮ್ಮ ಮನೆ ಚಿನ್ನ ಬ್ಯಾಂಕಲ್ಲಿತ್ತು. ಲಾಕರ್‌ನಲ್ಲಿ ಅಲ್ಲ, ಸಾಲದಲ್ಲಿ. ಆ ಮೂರು ವರ್ಷ ಅಮ್ಮ ಎಲ್ಲ ಮದುವೆಗೂ ಒಂದೇ ರೋಲ್ಡ್ ಗೋಲ್ಡ್ ಸರ ಹಾಕ್ಕೊಂಡು ಹೋದ್ರು. ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ, ಪಕ್ಕ ಕೂತಿದ್ದವರು ಮಾತಾಡ್ತಾ ಮಾತಾಡ್ತಾ ಆ ಸರದ ಪದಕವನ್ನ ಎರಡು ಬೆರಳಲ್ಲಿ ಎತ್ತಿ ತೂಕ ನೋಡಿದ್ರು. ‘ಯಾವಾಗ ಮಾಡಿಸಿದ್ರಿ?’ ಅಂದ್ರು. ಅಮ್ಮ, ‘ಮಾಡಿಸಿದ್ದಲ್ಲ ಕಣ್ರೀ, ಕೊಂಡಿದ್ದು. ರೋಲ್ಡ್ ಗೋಲ್ಡು. ಚೆನ್ನಾಗಿದೆ ಅಲ್ವಾ?’ ಅಂದು ಅನ್ನ ಕಲಸಿಕೊಂಡ್ರು. ಅವರು ಪದಕ ಬಿಟ್ಟು, ‘ಹೂಂ, ಕೆಲಸ ಚೆನ್ನಾಗಿದೆ’ ಅಂದ್ರು.

ಒಡವೆ ನಕಲಿ ಆಗೋದು ಲೋಹದಿಂದಲ್ಲ, ಸುಳ್ಳಿನಿಂದ. ಗಾಜನ್ನ ವಜ್ರ ಅಂತ ಮಾರಿದ್ರೆ ಅದು ಮೋಸ. ಗಾಜನ್ನ ಗಾಜು ಅಂತಲೇ ಹೇಳಿ, ಚೆಂದ ಇದೆ ಅಂತ ಹಾಕ್ಕೊಂಡ್ರೆ ಅದರಲ್ಲಿ ನಕಲಿ ಏನಿದೆ? ನಮ್ಮಲ್ಲಿ ಎಷ್ಟೋ ಹುಡುಗಿಯರು ಚಿನ್ನ ಇಲ್ಲ ಅಂತ ಮದುವೆಗೆ ಹೋಗೋದನ್ನೇ ತಪ್ಪಿಸ್ತಾರೆ. ಎಷ್ಟೋ ಮನೆಯವರು ಬರೀ ಆ ಎರಡು ಬೆರಳಿಗೆ ಹೆದರಿ ಸಾಲ ಮಾಡ್ತಾರೆ. ಅಂಥವರಿಗೆ ಈ ಎಪಿಸೋಡ್.

ಸರಿ, ಈಗ ಸಂಗ್ರಹ ಶುರು ಮಾಡೋದು ಹೇಗೆ? ಮೊದಲ ನಿಯಮ: ಒಡವೆಯನ್ನ ತಿರುಗಿಸಿ ನೋಡಿ. ಮುಂಭಾಗ ಅಂದ ಹೇಳುತ್ತೆ, ಹಿಂಭಾಗ ನಿಜ ಹೇಳುತ್ತೆ. ಕಂಪನಿ ಹೆಸರಿನ ಪಕ್ಕ ವೃತ್ತದೊಳಗೆ ಸಿ ಅಕ್ಷರ ಇದ್ರೆ, ಅದು ಸಾಮಾನ್ಯವಾಗಿ 1955ರ ತೀರ್ಪಿನ ನಂತರದ್ದು. ಪೇಟೆಂಟ್ ನಂಬರ್ ಇದ್ರೆ ಇನ್ನೂ ಒಳ್ಳೇದು, ಫೋನ್‌ನಲ್ಲೇ ಗೂಗಲ್ ಪೇಟೆಂಟ್ಸ್‌ನಲ್ಲಿ ಹಾಕಿ ನೋಡಿ. ಕೋರೊ ಅನ್ನೋ ಕಂಪನಿ ‘ಡ್ಯುಯೆಟ್’ ಅಂತ ಮಾಡ್ತಿತ್ತು, ಎರಡು ಕ್ಲಿಪ್ ಸೇರಿಸಿದ್ರೆ ಒಂದು ಬ್ರೂಚ್. ಅಂಥದರ ಹಿಂದೆ ನಂಬರ್ ಸಿಗುತ್ತೆ. ಆದರೆ ಮುದ್ರೆ ಇಲ್ಲ ಅಂದ ಮಾತ್ರಕ್ಕೆ ಕಳಪೆ ಅಂತ ಅಲ್ಲ. ಮಿರಿಯಂ ಹ್ಯಾಸ್ಕೆಲ್ 1926ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರು ಮಾಡಿದ ಕಂಪನಿಯ ಮೊದಲ ವರ್ಷಗಳ ಒಡವೆಗಳಲ್ಲಿ ಹೆಸರೇ ಇರಲ್ಲ. ಸಣ್ಣ ಸಣ್ಣ ಮುತ್ತನ್ನ ತಂತಿಯಲ್ಲಿ ಕೈಯಿಂದಲೇ ಹೆಣೆದಿರೋ ರೀತಿ ನೋಡಿ ಗುರುತಿಸ್ತಾರೆ.

ಎರಡನೇದು, ‘1/20 12ಕೆ ಜಿಎಫ್’ ಥರದ ಮುದ್ರೆ. ಜಿಎಫ್ ಅಂದ್ರೆ ಗೋಲ್ಡ್ ಫಿಲ್ಡ್. ತೂಕದ ಇಪ್ಪತ್ತರಲ್ಲಿ ಒಂದು ಪಾಲು 12 ಕ್ಯಾರೆಟ್ ಚಿನ್ನ ಅಂತ ಅರ್ಥ. 20 ಗ್ರಾಮ್ ಸರದಲ್ಲಿ 1 ಗ್ರಾಮ್ 12 ಕ್ಯಾರೆಟ್, ಅಂದ್ರೆ ಶುದ್ಧ ಚಿನ್ನ ಅರ್ಧ ಗ್ರಾಮ್. ಇಷ್ಟು ಸ್ಪಷ್ಟವಾಗಿ ಬರೆದಿರ್ತಾರೆ. ನಮ್ಮ ‘ಒನ್ ಗ್ರಾಮ್ ಗೋಲ್ಡ್’ ಹೆಸರು ನೋಡಿ ಪ್ರತಿ ಸರದಲ್ಲೂ ಒಂದು ಗ್ರಾಮ್ ಚಿನ್ನ ಇದೆ ಅಂದ್ಕೋಬೇಡಿ. ಅದು ವ್ಯಾಪಾರದ ಹೆಸರು ಅಷ್ಟೇ.

ಮೂರನೇದು ಓಲೆ. ಇಪ್ಪತ್ತನೇ ಶತಮಾನದ ನಡುವಿನವರೆಗೂ ಅಮೆರಿಕದ ಹೆಚ್ಚಿನ ಹೆಂಗಸರು ಕಿವಿ ಚುಚ್ಚಿಸಿಕೊಳ್ತಿರಲಿಲ್ಲ. ಹಾಗಾಗಿ ಹಳೇ ಓಲೆಗಳು ಕ್ಲಿಪ್‌ನವು, ಇಲ್ಲಾ ತಿರುಪಿನವು. ನಮ್ಮ ತಿರುಪು ಕಿವಿಯ ತೂತಿನ ಮೂಲಕ ಹೋಗುತ್ತೆ, ಅವರದ್ದು ಕಿವಿ ಹಾಲೆಯನ್ನ ಹಿಂದಿನಿಂದ ಒತ್ತಿ ಹಿಡಿಯುತ್ತೆ. ಭಾರದ ಓಲೆ ಹಾಕಿ ಹಾಕಿ ಕಿವಿ ಜೋತುಬಿದ್ದ ಅಜ್ಜಿ ಮನೆಯಲ್ಲಿದ್ರೆ, ಇಂಥದ್ದು ಒಂದು ಕೊಟ್ಟು ನೋಡಿ.

ಪ್ಲಾಸ್ಟಿಕ್ ವಿಷಯಕ್ಕೆ ಬಂದ್ರೆ, ಹೆಚ್ಚು ಬೇಡಿಕೆ ಇರೋದು ಬೇಕಲೈಟ್‌ಗೆ. ಲಿಯೋ ಬೇಕೆಲ್ಯಾಂಡ್ 1907ರಲ್ಲಿ ಕಂಡುಹಿಡಿದದ್ದು. ಬೇಕಲೈಟ್ ಬಳೆಯನ್ನ ಬಿಸಿ ನೀರಿಗೆ ಹಿಡಿದ್ರೆ ಲ್ಯಾಬ್‌ನ ಫಾರ್ಮಾಲಿನ್ ಥರ ವಾಸನೆ ಬರುತ್ತೆ. ಕಾದ ಸೂಜಿ ಚುಚ್ಚಿ ನೋಡೋ ಸಾಹಸ ಮಾತ್ರ ಬೇಡ. ಅದು ಬೇಕಲೈಟ್ ಆಗಿರದೆ ಸೆಲ್ಯುಲಾಯ್ಡ್ ಆಗಿದ್ರೆ ಬೆಂಕಿ ಹತ್ತಿಕೊಳ್ಳುತ್ತೆ.

ಹಾಕ್ಕೊಳ್ಳೋದು ಹೇಗೆ? ಬ್ರೂಚ್ ನಮ್ಮ ಸೀರೆಗೆ ಹೇಳಿ ಮಾಡಿಸಿದ್ದು. ಭುಜದ ಮೇಲೆ ಸೆರಗಿನ ನೆರಿಗೆ ಹಿಡಿಯೋ ಸೇಫ್ಟಿ ಪಿನ್ ಜಾಗದಲ್ಲಿ ಹಾಕಿ. ಆದರೆ ಹಳೇ ಬ್ರೂಚಿನ ಸೂಜಿ ದಪ್ಪ. ರೇಷ್ಮೆ ಹರಿಯದ ಹಾಗೆ ಒಳಗೆ ಒಂದು ಚೂರು ಹತ್ತಿ ಬಟ್ಟೆ ಇಟ್ಟು ಚುಚ್ಚಿ. ಆಫೀಸಿಗಾದ್ರೆ ಬ್ಲೇಜರ್ ಕಾಲರ್‌ಗೆ, ಕಾಲೇಜಿಗಾದ್ರೆ ಡೆನಿಮ್ ಜಾಕೆಟ್‌ಗೆ, ಬಟ್ಟೆ ಚೀಲಕ್ಕೂ ಸರಿ. ಒಂದು ಸಲಕ್ಕೆ ಒಂದೇ ಸಾಕು, ಅದು ಮಾತಾಡಲಿ.

ಜೋಪಾನದ ಮಾತು. ನೀರು ಇದರ ಶತ್ರು. ಕಲ್ಲಿನ ಹಿಂದೆ ತೆಳು ಹಾಳೆ ಅಂಟಿಸಿರ್ತಾರೆ, ನೀರು ಇಳಿದ್ರೆ ಕಲ್ಲು ಕಪ್ಪಾಗುತ್ತೆ, ಮತ್ತೆ ಸರಿ ಹೋಗಲ್ಲ. ಸೆಂಟು, ಹೇರ್‌ಸ್ಪ್ರೇ ಎಲ್ಲಾ ಮೊದಲು, ಒಡವೆ ಕೊನೆಗೆ. ತೆಗೆದಾಗ ಒಣ ಬಟ್ಟೆಯಲ್ಲಿ ಒರೆಸಿ. ಹಸಿರು ಕಿಲುಬು ಕಂಡ್ರೆ ಬೇರೆ ಒಡವೆಗಳಿಂದ ದೂರ ಇಡಿ. ಚರ್ಮ ತುರಿಸಿದ್ರೆ ಅದು ನಿಕ್ಕಲ್ ಅಲರ್ಜಿ ಇರಬಹುದು, ಸಹಿಸಿಕೊಂಡು ಹಾಕ್ಕೋಬೇಡಿ. ಇನ್ನೊಂದು ಮಾತು, ಹಳೇ ಒಡವೆಯಲ್ಲಿ ಸೀಸ ಇರಬಹುದು. ಬಾಯಿಗೆ ಹಾಕೋ ವಯಸ್ಸಿನ ಮಕ್ಕಳ ಕೈಗೆ ಕೊಡಲೇಬೇಡಿ.

ದುಡ್ಡಿನ ವಿಷಯ ನೇರವಾಗಿ ಹೇಳ್ತೀನಿ. ಇದು ಹೂಡಿಕೆ ಅಲ್ಲ. ಕಷ್ಟಕಾಲಕ್ಕೆ ಇದನ್ನ ಯಾವ ಬ್ಯಾಂಕೂ ಅಡವಿಟ್ಟುಕೊಳ್ಳಲ್ಲ. ಆ ವಿಷಯದಲ್ಲಿ ಚಿನ್ನ ಚಿನ್ನವೇ, ನನ್ನ ಫೀಸ್ ಕಟ್ಟಿದ್ದು ಅದೇ. ಆನ್‌ಲೈನ್‌ನಲ್ಲಿ ‘ವಿಂಟೇಜ್ ಸ್ಟೈಲ್’ ಅಂತಿದ್ರೆ ಅದು ಹೊಸದು, ‘ಸ್ಟೈಲ್’ ಅನ್ನೋ ಪದ ಗಮನಿಸಿ. ವಿದೇಶದಿಂದ ತರಿಸೋದಾದ್ರೆ ಕೊರಿಯರ್, ಕಸ್ಟಮ್ಸ್ ಸುಂಕ ಎಲ್ಲಾ ಸೇರಿಸಿ ಲೆಕ್ಕ ಹಾಕಿ, ಆಮೇಲೆ ಬಟನ್ ಒತ್ತಿ. ಹಿಂಭಾಗದ ಫೋಟೋ ಕಳಿಸದ ಮಾರಾಟಗಾರನಿಂದ ಕೊಳ್ಳಬೇಡಿ. ನಾಳೆ ಮಾರಿದ್ರೆ ಎಷ್ಟು ಬರುತ್ತೆ ಅಂತ ಕೇಳ್ಕೋಬೇಡಿ, ವರ್ಷಕ್ಕೆ ಎಷ್ಟು ಸಲ ಹಾಕ್ಕೋತೀನಿ ಅಂತ ಕೇಳ್ಕೊಳ್ಳಿ.

ಇನ್ನು ಕೊಳ್ಳೋಕೆ ಮುಂಚೆ ಒಂದು ಕೆಲಸ. ಮನೆಯ ಬೀರು, ಟ್ರಂಕು, ಹಳೇ ಬಿಸ್ಕತ್ ಡಬ್ಬ ಹುಡುಕಿ. ಅಮ್ಮನ, ದೊಡ್ಡಮ್ಮನ, ಅಜ್ಜಿಯ ರೋಲ್ಡ್ ಗೋಲ್ಡ್ ಅಲ್ಲಿರುತ್ತೆ. ಬಣ್ಣ ಹೋಗಿದೆ ಅಂತ ಪಾತ್ರೆ ಮಾರೋನಿಗೆ ಹಾಕೋಕೆ ಮುಂಚೆ ಅವರ ಪಕ್ಕ ಕೂತು ಕೇಳಿ, ಇದನ್ನ ಎಲ್ಲಿ ತಗೊಂಡ್ರಿ, ಯಾವ ಮದುವೆಗೆ ಮೊದಲು ಹಾಕಿದ್ರಿ, ಆಗ ಚಿನ್ನ ಎಲ್ಲಿತ್ತು. ಹೇಳಿದ್ದನ್ನ ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಒಂದು ಚೀಟಿಯಲ್ಲಿ ಬರೆದು ಒಡವೆ ಜೊತೆಗೇ ಇಡಿ. ಅಮೆರಿಕದ ಬ್ರೂಚಿಗೆ ಹಿಂದೆ ಮುದ್ರೆ ಇದೆ. ನಮ್ಮವಕ್ಕೆ ಇಲ್ಲ, ಅದನ್ನ ನಾವೇ ಬರೆದಿಡಬೇಕು.

ಆಮೇಲೆ ಹಾಕ್ಕೊಂಡು ಹೊರಡಿ. ಯಾರಾದರೂ ‘ಎಷ್ಟು ಗ್ರಾಮು?’ ಅಂತ ಕೇಳಿದ್ರೆ, ನಿಮ್ಮ ಹತ್ತಿರ ಅದಕ್ಕಿಂತ ಒಳ್ಳೆ ಉತ್ತರ ಇರುತ್ತೆ.

ಇವತ್ತಿಗೆ ಇಷ್ಟೇ. ನಿಮ್ಮ ಮನೆ ಡಬ್ಬದಲ್ಲಿ ಏನು ಸಿಕ್ತು ಅಂತ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಲ ಒಂದಷ್ಟು ಕೇಳಿಸ್ತೀನಿ. ಸಿಗೋಣ.