ಸೋಲನ್ನೂ ಶ್ರುತಿ ತಪ್ಪದೆ ಹಾಡಿದವರು



ಎದುರುಬದುರು ಎರಡು ಮನೆ, ಎರಡು ಕಿಟಕಿ. ಒಂದು ಕಿಟಕಿಯಲ್ಲಿ ಸಂಗೀತದ ಮೇಷ್ಟ್ರು, ಪಕ್ಕದಲ್ಲಿ ಅವರ ಶಿಷ್ಯೆ. ಇನ್ನೊಂದರಲ್ಲಿ ಆ ಶಿಷ್ಯೆಗೆ ಮನಸೋತ ಹುಡುಗ. ಹುಡುಗನಿಗೆ ಹಾಡಲು ಬಾರದು. ಹಾಗಾಗಿ ಗೆಳೆಯನೊಬ್ಬ ಮರೆಯಲ್ಲಿ ಕುಳಿತು ಹಾಡುತ್ತಾನೆ, ಇವನು ಕಿಟಕಿಯಲ್ಲಿ ನಿಂತು ಬಾಯಿ ಆಡಿಸುತ್ತಾನೆ. ಮೇಷ್ಟ್ರಿಗೆ ಈ ಗುಟ್ಟು ತಿಳಿಯದು. ಎದುರಾಳಿ ಸವಾಲು ಹಾಕುತ್ತಿದ್ದಾನೆಂದೇ ನಂಬಿ ಅವರೂ ದನಿ ಎತ್ತುತ್ತಾರೆ. ಸ್ವರಕ್ಕೆ ಸ್ವರ, ಮಾತಿಗೆ ಮಾತು, ಕೊನೆಗೆ ಕೂಗಿಗೆ ಕೂಗು. ಮೇಷ್ಟ್ರು ಸೋಲುತ್ತಾರೆ.

1968ರಲ್ಲಿ ತೆರೆಕಂಡ 'ಪಡೋಸನ್' ಎಂಬ ಹಿಂದಿ ಚಿತ್ರದ 'ಏಕ್ ಚತುರ್ ನಾರ್' ಹಾಡಿನ ಸನ್ನಿವೇಶ ಇದು. ನಿರ್ದೇಶಕರು ಜ್ಯೋತಿ ಸ್ವರೂಪ್. ಮೇಷ್ಟ್ರು ಪಿಳ್ಳೈ ಆಗಿ ಮೆಹಮೂದ್, ಶಿಷ್ಯೆ ಬಿಂದುವಾಗಿ ಸಾಯಿರಾ ಬಾನು, ಹುಡುಗ ಭೋಲಾ ಆಗಿ ಸುನಿಲ್ ದತ್, ಮರೆಯಲ್ಲಿ ಹಾಡುವ ಗೆಳೆಯ ವಿದ್ಯಾಪತಿಯಾಗಿ ಕಿಶೋರ್ ಕುಮಾರ್. ಮೆಹಮೂದರ ಬಾಯಿಗೆ ದನಿ ಕೊಟ್ಟವರು ಮನ್ನಾ ಡೇ. ಗೀತರಚನೆ ರಾಜೇಂದ್ರ ಕೃಷ್ಣ ಅವರದು, ಸಂಗೀತ ರಾಹುಲ್ ದೇವ್ ಬರ್ಮನ್ ಅವರದು.

ಹಾಸ್ಯಕ್ಕೆ ಸಾಮಾನ್ಯವಾಗಿ ಆಯುಸ್ಸು ಕಡಿಮೆ. ಒಮ್ಮೆ ಕೇಳಿದ ನಗೆಹನಿ ಎರಡನೆಯ ಸಲ ಮುಗುಳ್ನಗೆ ತರಿಸಿದರೆ ಹೆಚ್ಚು. ಮೂರನೆಯ ಸಲಕ್ಕೆ ಆಕಳಿಕೆ. ಆದರೆ ಆರು ನಿಮಿಷಕ್ಕೂ ಮೀರಿದ ಈ ಹಾಡು ಅರ್ಧ ಶತಮಾನ ದಾಟಿದ ಮೇಲೂ ಜನರನ್ನು ನಗಿಸುತ್ತಿದೆ. ಮುಂದೇನಾಗುತ್ತದೆಂದು ಗೊತ್ತಿದ್ದವರೂ ಕಾದು ಕುಳಿತು ನಗುತ್ತಾರೆ. ಏಕೆ? ಇದು ಮೊದಲ ಪ್ರಶ್ನೆ. ಎರಡನೆಯದು ಸ್ವಲ್ಪ ಮುಜುಗರದ್ದು. ಸೋಲುವ ಮೇಷ್ಟ್ರು ದಕ್ಷಿಣದವರು. ಅವರ ವೇಷ, ಉಚ್ಚಾರ, ಹಾವಭಾವ ಎಲ್ಲವೂ ಗೇಲಿಗೆಂದೇ ಸಿದ್ಧವಾದವು. ಹಾಗಿದ್ದರೆ ಕನ್ನಡದ ಪ್ರೇಕ್ಷಕ ಇಲ್ಲಿ ನಗುವುದು ಯಾರನ್ನು ನೋಡಿ?

ಮೊದಲ ಪ್ರಶ್ನೆಗೆ ಉತ್ತರ ಹುಡುಕಲು ಕೊಂಚ ಹಿಂದಕ್ಕೆ ಹೋಗಬೇಕು. ಹಿಂದಿ ಚಿತ್ರರಂಗಕ್ಕೆ ಸಂಗೀತ ಸ್ಪರ್ಧೆ ಹೊಸ ವಿಷಯವಲ್ಲ. 1952ರ 'ಬೈಜು ಬಾವ್ರಾ'ದಲ್ಲಿ ಅಕ್ಬರನ ಆಸ್ಥಾನದ ತಾನಸೇನನನ್ನು ಬೈಜು ಸೋಲಿಸುತ್ತಾನೆ. ಸಂಗೀತ ನಿರ್ದೇಶಕ ನೌಷಾದ್ ಆ ಸನ್ನಿವೇಶಕ್ಕೆ ಹಾಡಿಸಿದ್ದು ಉಸ್ತಾದ್ ಅಮೀರ್ ಖಾನ್ ಮತ್ತು ಪಂಡಿತ್ ಡಿ.ವಿ. ಪಲುಸ್ಕರ್ ಅವರಿಂದ. ನಾಲ್ಕು ವರ್ಷಗಳ ನಂತರ, 1956ರಲ್ಲಿ, 'ಬಸಂತ್ ಬಹಾರ್' ಬಂತು. ಇದಕ್ಕೆ ಮೂಲ ನಮ್ಮ ತ.ರಾ. ಸುಬ್ಬರಾಯರ 'ಹಂಸಗೀತೆ' ಕಾದಂಬರಿ. ಅಲ್ಲಿಯೂ ಆಸ್ಥಾನದಲ್ಲಿ ಸ್ಪರ್ಧೆ ಇದೆ. ಸೋಲುವ ಗಾಯಕನಿಗೆ ದನಿಯಾದವರು ಗದುಗಿನ ಪಂಡಿತ್ ಭೀಮಸೇನ ಜೋಶಿ. ಗೆಲ್ಲುವ ನಾಯಕನಿಗೆ ದನಿಯಾದವರು ಇದೇ ಮನ್ನಾ ಡೇ.

ಭೀಮಸೇನರ ಎದುರು ಹಾಡುವುದಷ್ಟೇ ಅಲ್ಲ, ಅವರನ್ನು ಸೋಲಿಸಬೇಕು ಎಂದಾಗ ತಾವು ಬೆಚ್ಚಿಬಿದ್ದುದನ್ನು ಮನ್ನಾ ಡೇ ಮುಂದೆ ಎಷ್ಟೋ ಬಾರಿ ನೆನಪಿಸಿಕೊಂಡಿದ್ದಾರೆ. ಊರು ಬಿಟ್ಟು ಹೋಗಿ ತಪ್ಪಿಸಿಕೊಳ್ಳುವ ಯೋಚನೆಯೂ ಅವರಿಗೆ ಬಂದಿತ್ತಂತೆ. ಕೊನೆಗೆ ಹಾಡಿದರು, ಕಥೆಯ ಬೇಡಿಕೆಯಂತೆ ಗೆದ್ದರು. ಆ ಗೆಲುವು ಕಥೆಯದೇ ಹೊರತು ಸಂಗೀತದ್ದಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಇಂಥ ಸ್ಪರ್ಧೆಗಳಿಂದ ಪ್ರೇಕ್ಷಕನಿಗೆ ಒಂದು ಕಟ್ಟಳೆ ರೂಢಿಯಾಗಿತ್ತು. ಒಬ್ಬ ಆಲಾಪ ಎತ್ತುತ್ತಾನೆ, ಇನ್ನೊಬ್ಬ ಅದನ್ನು ಮೀರಿಸುತ್ತಾನೆ. ಲಯ ಏರುತ್ತದೆ, ತಾನಗಳು ಸಿಡಿಯುತ್ತವೆ, ಕೊನೆಗೆ ಹೆಚ್ಚು ಸಾಧನೆ ಮಾಡಿದವನೋ ಹೆಚ್ಚು ಭಕ್ತಿಯುಳ್ಳವನೋ ಗೆಲ್ಲುತ್ತಾನೆ. 'ಏಕ್ ಚತುರ್ ನಾರ್' ಈ ಕಟ್ಟಳೆಯನ್ನು ಹಾಗೆಯೇ ಉಳಿಸಿಕೊಂಡು ಉಳಿದದ್ದನ್ನೆಲ್ಲ ತಲೆಕೆಳಗು ಮಾಡಿತು. ಅರಮನೆಯ ಸಭೆ ಹೋಗಿ ನೆರೆಮನೆಯ ಕಿಟಕಿ ಬಂತು. ಬಾದಶಹನ ಜಾಗದಲ್ಲಿ ಪಕ್ಕದ ಮನೆಯ ಹುಡುಗಿ ಕುಳಿತಳು. ಸಾಧಕನೂ ಭಕ್ತನೂ ಗೆಲ್ಲಬೇಕಾದ ಕಡೆ ಹಾಡಲು ಬಾರದ ಹುಡುಗ ಮೋಸದಿಂದ ಗೆದ್ದ. ಗಂಭೀರವಾದದ್ದು ಏನೆಂದು ಚೆನ್ನಾಗಿ ಗೊತ್ತಿರುವವನಿಗೇ ಅದರ ಅಣಕ ಹೆಚ್ಚು ರುಚಿಸುತ್ತದೆ. ಬೈಜುವಿನ ಸ್ಪರ್ಧೆಗೆ ಉಸಿರು ಬಿಗಿಹಿಡಿದಿದ್ದ ಪ್ರೇಕ್ಷಕ ಇಲ್ಲಿ ಆ ಉಸಿರನ್ನು ನಗೆಯಾಗಿ ಬಿಟ್ಟ ಎನ್ನಬಹುದು.

ಹಾಡಿನ ಪಲ್ಲವಿಯೂ ಪೂರ್ತಿ ಹೊಸದೇನಲ್ಲ. 1941ರ 'ಝೂಲಾ' ಚಿತ್ರದಲ್ಲಿ ಅಶೋಕ್ ಕುಮಾರ್ ತಮ್ಮದೇ ದನಿಯಲ್ಲಿ ಹಾಡಿದ ಗೀತೆಯೊಂದು ಇದೇ ಮಾತುಗಳಿಂದ ಶುರುವಾಗುತ್ತದೆ. ಅಣ್ಣ ಹಾಡಿದ್ದ ಹಾಡಿನ ಎಳೆಯನ್ನು ಹಿಡಿದು ತಮ್ಮ ಕಿಶೋರ್ 27 ವರ್ಷಗಳ ನಂತರ ಆಟವಾಡಿದರು. ಹಳೆಯದನ್ನು ಬಲ್ಲವರಿಗೆ ಇದೊಂದು ಮನೆಯೊಳಗಿನ ತಮಾಷೆ.

ಇನ್ನೊಂದು ಗುಟ್ಟು ಇದಕ್ಕಿಂತ ಸ್ವಾರಸ್ಯದ್ದು. 1935ರ 'ಧೂಪ್ ಛಾಂವ್' ಚಿತ್ರದಿಂದಾಚೆಗೆ ಹಿಂದಿಯಲ್ಲಿ ಹಿನ್ನೆಲೆ ಗಾಯನ ಬೇರೂರಿತು. ತೆರೆಯ ಮೇಲೆ ಒಬ್ಬರು ತುಟಿ ಆಡಿಸುತ್ತಾರೆ, ಕಾಣದ ಇನ್ನೊಬ್ಬರು ಹಾಡುತ್ತಾರೆ. ಪ್ರೇಕ್ಷಕನಿಗೆ ಇದು ಗೊತ್ತು. ಆದರೂ ಗೊತ್ತಿಲ್ಲದವನಂತೆ ಕುಳಿತು ನೋಡುವುದು ಅವನಿಗೂ ಚಿತ್ರರಂಗಕ್ಕೂ ಇರುವ ಒಪ್ಪಂದ. 'ಪಡೋಸನ್' ಆ ಒಪ್ಪಂದವನ್ನೇ ಕಥೆ ಮಾಡಿಕೊಂಡಿತು. ಕಿಟಕಿಯಲ್ಲಿ ತುಟಿ ಆಡಿಸುವ ಭೋಲಾ ಸಿನಿಮಾ ನಾಯಕನಂತೆ, ಮರೆಯಲ್ಲಿರುವ ವಿದ್ಯಾಪತಿ ಹಿನ್ನೆಲೆ ಗಾಯಕನಂತೆ. ಭೋಲಾನ ತುಟಿ ಎಲ್ಲಿ ತಪ್ಪುತ್ತದೋ, ಗುಟ್ಟು ಯಾವಾಗ ರಟ್ಟಾಗುತ್ತದೋ ಎಂಬ ಆತಂಕವೂ ನಗುವಿನ ಜೊತೆ ಬೆರೆಯುತ್ತದೆ. ಎದುರು ಕಿಟಕಿಯಲ್ಲಿ ತಾನೇ ಹಾಡುತ್ತಿರುವಂತೆ ಕಾಣುವ ಮೇಷ್ಟ್ರು ಕೂಡ, ಕಥೆಯ ಆಚೆಗೆ ನೋಡಿದರೆ, ಮನ್ನಾ ಡೇ ಅವರ ದನಿಗೆ ತುಟಿ ಆಡಿಸುತ್ತಿರುವ ಮೆಹಮೂದ್! ಈ ಸ್ಪರ್ಧೆಯಲ್ಲಿ ತನ್ನ ದನಿಯಲ್ಲೇ ಹಾಡುತ್ತಿರುವಾತ ಒಬ್ಬನೇ. ಅವನು ಅವಿತು ಕುಳಿತಿದ್ದಾನೆ. ಮೋಸಗಾರನ ಪಾಲಿಗೆ ಬಂದದ್ದೇ ಅಸಲಿ ದನಿ. ಪ್ರೇಕ್ಷಕ ಇದನ್ನು ಬಿಡಿಸಿ ಯೋಚಿಸದಿರಬಹುದು. ಆದರೆ ಎಲ್ಲರಿಗೂ ಗೊತ್ತಿದ್ದ ಗುಟ್ಟೊಂದನ್ನು ಯಾರೋ ಬಹಿರಂಗವಾಗಿ ಹೇಳಿಬಿಟ್ಟಾಗ ಆಗುವ ಹಗುರ ಅವನಿಗೆ ಆಗುತ್ತದೆ.

ಈಗ ಹಾಡುಗಾರಿಕೆಗೆ ಬರೋಣ. ಮನ್ನಾ ಡೇ ಕಟ್ಟುನಿಟ್ಟಾದ ಪಾಠದಲ್ಲಿ ಬೆಳೆದವರು. ಚಿಕ್ಕಪ್ಪ ಕೆ.ಸಿ. ಡೇ ಅವರಿಂದ ಮೊದಲ್ಗೊಂಡು ಉಸ್ತಾದ್ ಅಮಾನ್ ಅಲಿ ಖಾನ್ ಮೊದಲಾದವರ ಬಳಿ ಕಲಿತವರು. ಕಿಶೋರ್ ಕುಮಾರ್ ಗುರುವಿನ ಮುಂದೆ ಕುಳಿತು ಶಾಸ್ತ್ರೀಯ ಸಂಗೀತ ಕಲಿತವರಲ್ಲ. ಅವರದು ಕೇಳಿ ಹಿಡಿದ ವಿದ್ಯೆ. ತೆರೆಯ ಮೇಲಿನ ಜಗಳವೂ ಇದೇ: ಕಲಿತ ವಿದ್ಯೆಗೂ ಕಲಿಯದ ಚುರುಕಿಗೂ ಪೈಪೋಟಿ. ಮೇಷ್ಟ್ರು ಸ್ವರಗಳ ಸಾಲು ಹಿಡಿದು ಕ್ರಮವಾಗಿ ಮೇಲೇರುತ್ತಾರೆ. ಎದುರಾಳಿ ಕ್ರಮವನ್ನೇ ಲೆಕ್ಕಿಸುವುದಿಲ್ಲ. ನಡುವೆ ಮಾತು ತೂರಿಸುತ್ತಾನೆ, ಅಣಕಿಸುತ್ತಾನೆ, ದಾರಿ ಬದಲಿಸುತ್ತಾನೆ. ಮೇಷ್ಟ್ರು ಬೆನ್ನಟ್ಟುತ್ತಾರೆ, ದಾರಿ ತಪ್ಪುತ್ತಾರೆ, ತಡವರಿಸುತ್ತಾರೆ.

ಆದರೆ ಇಲ್ಲಿ ಕಿವಿ ಕೊಟ್ಟು ಕೇಳಬೇಕಾದ ಒಂದು ಅಂಶವಿದೆ. ತಡವರಿಸುವುದು ಪಿಳ್ಳೈ ಮೇಷ್ಟ್ರು, ಮನ್ನಾ ಡೇ ಅಲ್ಲ. ದಾರಿ ತಪ್ಪಿದವನನ್ನು ದಾರಿ ತಪ್ಪದೆ ಹಾಡುವುದು ಸುಲಭದ ಮಾತಲ್ಲ. ಸರ್ಕಸ್ಸಿನಲ್ಲಿ ಹಗ್ಗದ ಮೇಲೆ ಎಡವಿ ಬೀಳುವಂತೆ ನಟಿಸುವ ವಿದೂಷಕ ಉಳಿದ ಆಟಗಾರರಿಗಿಂತ ನುರಿತವನಾಗಿರಬೇಕಾಗುತ್ತದೆ; ನಿಜವಾಗಿ ಎಡವಿದರೆ ಯಾರೂ ನಗುವುದಿಲ್ಲ. ಮನ್ನಾ ಡೇ ಗಲಿಬಿಲಿಯನ್ನು ತಾಳದೊಳಗೇ ಇರಿಸಿದರು, ಏದುಸಿರನ್ನು ಅಳತೆಗೆ ಸರಿಯಾಗಿ ಬಿಟ್ಟರು. ಕಿಶೋರರ ಹುಚ್ಚಾಟವೂ ಅಷ್ಟೆ. ಅಡ್ಡಾದಿಡ್ಡಿಯಾಗಿ ಓಡಿದಂತೆ ಕಂಡರೂ ಅದು ಲಯಕ್ಕೆ ಬಂದು ಸೇರುವ ಜಾಗ ತಪ್ಪುವುದಿಲ್ಲ. ಹಾಡು ಮುರಿದುಬಿದ್ದಂತೆ ಕಾಣುವ ಪ್ರತಿ ಗಳಿಗೆಯಲ್ಲೂ ಅದು ಮುರಿದಿರುವುದಿಲ್ಲ. ಬೀಳುತ್ತದೆ ಎಂಬ ಭಯ, ಬೀಳಲಿಲ್ಲ ಎಂಬ ಸಮಾಧಾನ, ಇವೆರಡರ ನಡುವೆ ನಗು ಹುಟ್ಟುತ್ತದೆ. ನಗೆಹನಿ ಹಳಸುವುದು ಅದರ ಗುಟ್ಟು ಒಂದೇ ಇರುವುದರಿಂದ. ಸಂಗೀತಕ್ಕೆ ಆ ಕಾಟವಿಲ್ಲ. ಗೊತ್ತಿರುವ ರಾಗವನ್ನು ಮತ್ತೆ ಕೇಳುವವರು ಹೇಗೆ ಬೇಸರಪಡುವುದಿಲ್ಲವೋ ಹಾಗೆಯೇ ಗೊತ್ತಿರುವ ಈ ಎಡವಟ್ಟನ್ನೂ ಜನ ಮತ್ತೆ ಮತ್ತೆ ಕೇಳುತ್ತಾರೆ. ಮೊದಲ ಪ್ರಶ್ನೆಗೆ ಉತ್ತರ ಇದು.

ಈಗ ಎರಡನೆಯ ಪ್ರಶ್ನೆ. ಹಾಸ್ಯರಸವನ್ನು ವಿವರಿಸುವಾಗ ಭರತನ ನಾಟ್ಯಶಾಸ್ತ್ರ ಅದಕ್ಕೆ ಕಾರಣವಾಗುವ ಸಂಗತಿಗಳಲ್ಲಿ ವಿಕಾರವಾದ ವೇಷ ಮತ್ತು ಅಲಂಕಾರಗಳನ್ನು ಹೆಸರಿಸುತ್ತದೆ. ಮುಗುಳ್ನಗೆಯಿಂದ ಅಟ್ಟಹಾಸದವರೆಗೆ ನಗೆಯಲ್ಲಿ ಆರು ಬಗೆ ಎಂದೂ, ತಾನೇ ನಗುವುದು ಬೇರೆ, ಇನ್ನೊಬ್ಬರನ್ನು ನಗಿಸುವುದು ಬೇರೆ ಎಂದೂ ವಿಂಗಡಿಸುತ್ತದೆ. ಈ ಹಳೆಯ ಅಳತೆಗೋಲಿನಿಂದ ನೋಡಿದರೆ ಮೆಹಮೂದರ ಪಿಳ್ಳೈ ಮೇಷ್ಟ್ರು ಹಾಸ್ಯಪಾತ್ರಕ್ಕೆ ಒಳ್ಳೆಯ ಮಾದರಿ. ಆದರೆ ಒಂದು ತೊಡಕಿದೆ. ವಿಕಾರ ಎನ್ನುವುದು ಯಾರ ಕಣ್ಣಿಗೆ? ಜುಟ್ಟು, ಹಣೆಯ ಮೇಲಿನ ಗುರುತು, ಪಂಚೆ, ಹಿಂದಿಯನ್ನು ತನ್ನ ನಾಲಿಗೆಗೆ ಒಗ್ಗಿಸಿಕೊಂಡು ಆಡುವ ರೀತಿ, ಇವು ದಕ್ಷಿಣದ ಮನೆಗಳಲ್ಲಿ ವಿಕಾರವಲ್ಲ, ದಿನನಿತ್ಯದ ಸಂಗತಿ. ತಮಿಳ, ತೆಲುಗ, ಮಲೆಯಾಳಿ, ಕನ್ನಡಿಗ ಎಲ್ಲರನ್ನೂ 'ಮದ್ರಾಸಿ' ಎಂಬ ಒಂದೇ ಚೀಲಕ್ಕೆ ತುಂಬಿದ ಹಿಂದಿ ಚಿತ್ರಗಳಿಗೆ ಈ ವೇಷ ಸಿದ್ಧ ಅಚ್ಚಾಯಿತು. 'ಪಡೋಸನ್' ನಂತರ ಆ ಅಚ್ಚಿನಿಂದ ಬಂದ ಎಷ್ಟೋ ಪಾತ್ರಗಳಿಗೆ ಪಿಳ್ಳೈ ಮೇಷ್ಟ್ರ ವಿದ್ಯೆಯೂ ಇರಲಿಲ್ಲ, ಉತ್ಸಾಹವೂ ಇರಲಿಲ್ಲ. ಉಚ್ಚಾರದ ಗೇಲಿ ಮಾತ್ರ ಇತ್ತು. ಉತ್ತರದ ಊರುಗಳಲ್ಲಿ ಕೆಲಸಕ್ಕೆ, ಓದಿಗೆ ಹೋದ ದಕ್ಷಿಣದವರು ಆ ಗೇಲಿಯನ್ನು ಸಿನಿಮಾದ ಹೊರಗೂ ಕೇಳಬೇಕಾಯಿತು. ಇದನ್ನು ಬರಿಯ ತಮಾಷೆ ಎಂದು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ.

ಹಾಗೆಂದು ಈ ಹಾಡಿಗೆ ನಕ್ಕ ದಕ್ಷಿಣದ ಪ್ರೇಕ್ಷಕ ತನ್ನನ್ನು ತಾನೇ ಹಳಿದುಕೊಂಡ ಎನ್ನುವುದೂ ಸರಿಯಲ್ಲ. ಸ್ಪರ್ಧೆಯಲ್ಲಿ ನಿಯಮ ಮುರಿದವರು ಯಾರು? ಕಿಟಕಿಯ ಆಚೆಯವರು. ನಿಜವಾಗಿ ಸಂಗೀತ ಬಲ್ಲವರು ಯಾರು? ಮೇಷ್ಟ್ರು. ಎದುರಾಳಿ ಎಷ್ಟೇ ಅಡ್ಡದಾರಿ ಹಿಡಿದರೂ ಕೊನೆಯವರೆಗೆ ಸ್ವರ ಬಿಡದೆ ಹೋರಾಡುವವರೂ ಅವರೇ. ಚಿತ್ರದಲ್ಲಿ ಬಿಂದುವಿಗೆ ಮುಂದೆ ಮೋಸ ತಿಳಿಯುತ್ತದೆ, ಸಿಟ್ಟೂ ಬರುತ್ತದೆ. ಎಂದರೆ ಗೆದ್ದವನ ಗೆಲುವು ಗೆಲುವಲ್ಲ ಎಂದು ಕಥೆಯೇ ಒಪ್ಪಿಕೊಂಡಂತೆ. ಹೀಗಾಗಿ ಈ ಆರು ನಿಮಿಷಗಳಲ್ಲಿ ಎರಡು ನಗೆಗಳಿವೆ. ಒಂದು ವೇಷವನ್ನೂ ಉಚ್ಚಾರವನ್ನೂ ನೋಡಿ ಬಂದ ನಗೆ. ಅದು ವರ್ಷಗಳು ಕಳೆದಂತೆ ಮಾಸುತ್ತಿದೆ, ಮಾಸಬೇಕಾದದ್ದೇ. ಇನ್ನೊಂದು ಇಬ್ಬರು ದೊಡ್ಡ ಗಾಯಕರು ತಮ್ಮ ದೊಡ್ಡಸ್ತಿಕೆಯನ್ನು ಬದಿಗಿಟ್ಟು ಮಕ್ಕಳಂತೆ ಕಿತ್ತಾಡಿದ್ದನ್ನು ಕೇಳಿ ಬಂದ ನಗೆ. ಅದು ಮಾಸಿಲ್ಲ. ಇವೆರಡನ್ನೂ ಬೇರ್ಪಡಿಸಿ ನೋಡುವುದು ಇಂದಿನ ಪ್ರೇಕ್ಷಕನಿಗೆ ಸಾಧ್ಯ. ಹಾಗೆ ನೋಡಿದರೆ ಹಾಡಿನ ಮೇಲಿನ ಪ್ರೀತಿ ಕಡಿಮೆಯಾಗಬೇಕಿಲ್ಲ.

ಇಬ್ಬರು ಗಾಯಕರಿಗೂ ದಕ್ಷಿಣ ಪರಕೀಯವೇನಾಗಿರಲಿಲ್ಲ. 'ಪಡೋಸನ್'ಗೆ ಮೂರು ವರ್ಷ ಮೊದಲು, 1965ರ ಮಲಯಾಳಂ ಚಿತ್ರ 'ಚೆಮ್ಮೀನ್'ನಲ್ಲಿ ಕಡಲ ದಂಡೆಯ ವಿರಹಿಗೆ ದನಿಯಾದವರು ಮನ್ನಾ ಡೇ. ಅವರ ಪತ್ನಿ ಸುಲೋಚನಾ ಕೇರಳದವರು. 1972ರಲ್ಲಿ ಕಿಶೋರ್ ಕುಮಾರ್ ದ್ವಾರಕೀಶರ 'ಕುಳ್ಳ ಏಜೆಂಟ್ 000' ಚಿತ್ರಕ್ಕೆ ಕನ್ನಡದಲ್ಲಿ ಹಾಡಿದರು. ರಾಜನ್-ನಾಗೇಂದ್ರ ಸಂಗೀತದ ಆ ಹಾಡಿನಲ್ಲೂ ಅದೇ ಕುಣಿಯುವ ದನಿ. ಅವರ ಕನ್ನಡದ ಉಚ್ಚಾರವನ್ನು ಕನ್ನಡಿಗರು ಗೇಲಿ ಮಾಡಲಿಲ್ಲ, ಮುದ್ದು ಮಾಡಿದರು. ಎರಡು ಬಗೆಯ ನಗೆಗಳ ವ್ಯತ್ಯಾಸ ತಿಳಿಯಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಕಿಶೋರ್ 1987ರಲ್ಲಿ, ಬರ್ಮನ್ 1994ರಲ್ಲಿ, ಮೆಹಮೂದ್ 2004ರಲ್ಲಿ ತೀರಿಕೊಂಡರು. ಮನ್ನಾ ಡೇ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 2013ರ ಅಕ್ಟೋಬರ್ 24ರಂದು, 94ನೇ ವಯಸ್ಸಿನಲ್ಲಿ, ಇಲ್ಲೇ ಕಣ್ಣು ಮುಚ್ಚಿದರು. ಭೀಮಸೇನರನ್ನು ಕಥೆಗಾಗಿ ಗೆಲ್ಲಬೇಕಾದಾಗ ಹೆದರಿದ್ದ ಆ ಗಾಯಕ, ಹನ್ನೆರಡು ವರ್ಷಗಳ ನಂತರ ಸಂಗೀತದ ಪಾಠವನ್ನೇ ಕಲಿಯದ ಕಿಶೋರರಿಗೆ ಕಥೆಗಾಗಿ ಸೋತರು. ಗೆಲುವು ಅವರಿಗೆ ಗೌರವ ತಂದಿತ್ತು. ಸೋಲು, ಅದನ್ನು ಅಷ್ಟು ಚೆನ್ನಾಗಿ ಹಾಡಿದ್ದರಿಂದ, ಮನೆಮನೆಗೂ ನಗು ತಂದಿತು.